ನನ್ನ ಕಡೆ, ನಿನ್ನ ಕಡೆ

ಜನವರಿ ೧೧

ಮಾಮ,

ನಿಮ್ಮ ಪತ್ರ ಬಂದು ವಾರವಾಯಿತು. ಓದಿದ್ದು ಮಾತ್ರ ಕಂತಿನಲ್ಲಿ. ಮೊದಲ ಪ್ಯಾರಾ ಮುಗಿಯುವಷ್ಟರಲ್ಲಿ ಗುಂಡ ಎದ್ದ. ಎರಡನೆಯದಕ್ಕೆ ಹಾಲು ಉಕ್ಕಿತು. ಉಳಿದದ್ದನ್ನು ಬಚ್ಚಲುಮನೆಯ ಬಾಗಿಲು ಹಾಕಿಕೊಂಡು ಓದಿದೆ. ಮಿಡತೆ ಮೊದಲು ಕೆಮ್ಮಿತು, ಆಮೇಲೆ ಸೀನಿತು, ಆಮೇಲೆ ಹಾಡೇ ಶುರು ಮಾಡಿತು ಅಂತ ಬರೆದಿದ್ದೀರಲ್ಲ, ಅಲ್ಲೇ ಬಕೆಟ್ ಮೇಲೆ ಕೂತು ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಗಾಬರಿಯಾಗಬೇಡಿ, ಈಗೀಗ ನನಗೆ ಎಲ್ಲದಕ್ಕೂ ಹಾಗೆಯೇ. ಸೋಪು ಜಾರಿ ಬಿದ್ದರೂ ಕಣ್ಣು ತುಂಬುತ್ತದೆ.

ಹನ್ನೊಂದು ವರ್ಷ ನಿಮ್ಮ ಡ್ರೈವಿಂಗ್ ಸ್ಕೂಲಿನ ಶೆಡ್ಡಿನಲ್ಲಿ ಇಟ್ಟಿಗೆಗಳ ಮೇಲೆ ಕೂತಿದ್ದ ಸ್ಪೋರ್ಟ್ಸ್ ಕಾರು ಅದು. ಗುಜರಿಯವನು ತೂಕಕ್ಕೆ ಹಾಕಲು ಹೊರಟಿದ್ದನ್ನು ನೀವು ಬಿಡಿಸಿಕೊಂಡು ಬಂದಾಗ ಅಮ್ಮ ಬಾಗಿಲಲ್ಲೇ ನಿಂತು ಹೇಳಿದ್ದು ನೆನಪಿದೆ: "ಮದುವೆ ಆಗೋ ಅಂದ್ರೆ ಮಿಡತೆ ತಂದಿದ್ದಾನೆ." ಅಮ್ಮ ಇದ್ದಿದ್ದರೆ ಆ ಹಾಡನ್ನು ಕೇಳಿಸಿಕೊಳ್ಳುತ್ತಿದ್ದಳು.

ನೀವು ಕೇಳಿದ್ದಕ್ಕೆ ಉತ್ತರ: ಮರೆತಿಲ್ಲ. ನನಗೆ ಲೈಸೆನ್ಸ್ ಸಿಕ್ಕ ದಿನ ನೀವು ಕೊಟ್ಟ ಮಾತು. ಮಿಡತೆ ಓಡಿದ ದಿನ ನಾವಿಬ್ಬರೂ ಈ ಕಡಲಿನಿಂದ ಆ ಕಡಲಿನವರೆಗೆ, ಇಡೀ ದೇಶ ದಾಟಿ ಹೋಗುವುದು. "ನಾನು ಓಡಿಸ್ತೀನಿ, ನೀನು ನಕ್ಷೆ ಹಿಡ್ಕೋ. ಜೀವಮಾನವೆಲ್ಲ ಪಕ್ಕದ ಸೀಟಲ್ಲಿ ಕೂತು ಸಾಕಾಗಿದೆ ಕಣೇ" ಅಂದಿರಿ.

ಆದರೆ ಮಾಮ, ಅದರಲ್ಲಿ ಸೀಟು ಎರಡೇ. ಗುಂಡನಿಗೆ ಈಗ ನಾಲ್ಕು ತಿಂಗಳು. ಅವನನ್ನು ಢಿಕ್ಕಿಯಲ್ಲಿ ಹಾಕಲೇ? ಅವನು ಮಲಗಿದರೆ ಉಸಿರಾಡುತ್ತಿದ್ದಾನಾ ಅಂತ ಮೂಗಿನ ಹತ್ತಿರ ಬೆರಳಿಡುತ್ತೇನೆ. ಬೆರಳಿಟ್ಟರೆ ಏಳುತ್ತಾನೆ. ಎದ್ದರೆ ಸಮಾಧಾನ, ಆಮೇಲೆ ಪಶ್ಚಾತ್ತಾಪ. ನಿಮ್ಮ ಅಳಿಯ ಅಚ್ಚುಕೂಟದ ರಾತ್ರಿ ಪಾಳಿ ಮುಗಿಸಿ ಬೆಳಿಗ್ಗೆ ಶಾಯಿ ಕೈಯಲ್ಲಿ ಬಂದು, "ಇಬ್ಬರಲ್ಲಿ ಯಾರು ಅತ್ತಿದ್ದು?" ಅಂತ ಕೇಳುತ್ತಾರೆ.

ಆದರೂ ದಾರಿ ಬರೆದು ಕಳಿಸಿ. ಹೋಗದಿದ್ದರೂ ಓದಲು ಏನಾದರೂ ಬೇಕು. ಫೋನ್ ಮಾಡಬೇಡಿ, ಈಗ ತಾನೇ ಮಲಗಿದ್ದಾನೆ. ಪತ್ರವಾದರೆ ಗಂಟೆ ಬಾರಿಸುವುದಿಲ್ಲ.

ತೂಕಡಿಸುತ್ತಾ,
ನಿಮ್ಮ ಕ್ಲಚ್ಚಮ್ಮ


ಫೆಬ್ರವರಿ ೩

ಕ್ಲಚ್ಚಮ್ಮ,

ಕೂಸು ಹುಟ್ಟೋ ಮುಂಚೆ ಕುಲಾವಿ ಅಂತ ನಿನ್ನಮ್ಮ ನನ್ನನ್ನು ಆಡಿಕೊಳ್ಳುತ್ತಿದ್ದಳು. ಈಗ ಕೂಸೂ ಹುಟ್ಟಿದೆ, ಕಾರೂ ಓಡಿದೆ. ಇನ್ನು ಕುಲಾವಿ ಹೊಲೆಯಬಹುದು.

ಕ್ಲಚ್ ಮೇಲಿಂದ ಕಾಲು ತೆಗೆದಿದ್ದೀಯಾ ಇಲ್ವಾ? ನಿನ್ನಷ್ಟು ಕ್ಲಚ್ ಪ್ಲೇಟ್ ಸವೆಸಿದ ವಿದ್ಯಾರ್ಥಿ ನನ್ನ ಸರ್ವಿಸಿನಲ್ಲಿ ಇನ್ನೊಬ್ಬರಿಲ್ಲ. ಮನೆ ಕಾರು ಓಡಿಸ್ತಾ ಇದ್ದೀಯಾ ಅಂತ ಹೋದ ಪತ್ರದಲ್ಲಿ ಕೇಳಿದ್ದೆ. ನೀನು ಉತ್ತರ ಬರೆದಿಲ್ಲ.

ನನ್ನ ಹತ್ತಿರ ಕಲಿತ ಲಾರಿ ಡ್ರೈವರುಗಳನ್ನೆಲ್ಲ ಚಹಾ ಕುಡಿಸಿ ಕೇಳಿ, ಮೊದಲ ಅರ್ಧ ದಾರಿ ಬರೆದಿದ್ದೇನೆ. ಎಡ ಬಲ ಬರೆಯಲ್ಲ, ನಿನಗೆ ಗೊತ್ತು. ಎಡ ಅಂದರೆ ಬಲಕ್ಕೆ ತಿರುಗಿಸಿ ಗೂಡಂಗಡಿಗೆ ನುಗ್ಗಿಸಿದವರನ್ನು ನೋಡಿ ನೋಡಿ ಆ ಪದಗಳನ್ನೇ ಬಿಟ್ಟವನು ನಾನು. ನಮ್ಮ ಸ್ಕೂಲಿನ ಭಾಷೆ ಒಂದೇ: ನನ್ನ ಕಡೆ, ನಿನ್ನ ಕಡೆ. ಪಕ್ಕದಲ್ಲಿ ಯಾರು ಕೂತಿದ್ದಾರೆ ಅನ್ನೋದನ್ನ ಎಂಥ ಗಾಬರಿಯಲ್ಲೂ ಯಾರೂ ಮರೆಯಲ್ಲ.

ಬರೆದುಕೋ. ಬಂದರಿನ ಗೇಟಿನಿಂದ ಎಣ್ಣೆ ಟ್ಯಾಂಕುಗಳವರೆಗೆ ನೇರ. ಅಲ್ಲಿ ನನ್ನ ಕಡೆ. ರೈಲ್ವೆ ಗೇಟ್ ದಾಟಿ ನಿನ್ನ ಕಡೆ. ಮುಚ್ಚಿದ ಸಿಮೆಂಟ್ ಕಾರ್ಖಾನೆಯ ಚಿಮಣಿ ಕಂಡ ಕೂಡಲೇ ಮತ್ತೆ ನಿನ್ನ ಕಡೆ, ಆಮೇಲೆ ಬೆಟ್ಟದ ಬುಡದವರೆಗೆ ಕೈ ಕಟ್ಟಿಕೊಂಡು ಕೂರಬಹುದು. ಅಣೆಕಟ್ಟಿನ ಹತ್ತಿರ ದಾರಿ ಒಡೆಯುತ್ತೆ. ಅಲ್ಲಿ ನನ್ನ ಕಡೆ. ಮರೆಯಬೇಡ, ನನ್ನ ಕಡೆ. ಉಳಿದದ್ದು ಹಿಂದಿನ ಹಾಳೆಯಲ್ಲಿದೆ.

ಶೆಡ್ಡಿನ ಬಾಗಿಲು ಯಾಕೋ ಕಿರಿದಾಗಿದೆ. ಹೋಗುವಾಗ ಬರುವಾಗ ಭುಜ ತಾಗುತ್ತೆ. ಮರ ಹಿಗ್ಗಿರಬೇಕು. ಚಹಾ ಲೋಟವನ್ನೂ ಪದೇ ಪದೇ ಉರುಳಿಸ್ತೀನಿ ಅಂತ ಪಕ್ಕದ ಮನೆಯಾಕೆ ಈಗ ಸ್ಟೀಲ್ ಲೋಟದಲ್ಲೇ ಕೊಡ್ತಾಳೆ.

ಮೊದಲು ಸೀಟು ಸರಿ ಮಾಡ್ಕೋ, ಆಮೇಲೆ ದಾರಿ ಕೇಳು.

ಮಾಮ


ಮಾರ್ಚ್ ೧೯

ಮಾಮ,

ತಡವಾಯಿತು. ಗುಂಡನಿಗೆ ಜ್ವರ ಬಂದು ಹೋಯಿತು, ಆಮೇಲೆ ನನಗೆ, ಆಮೇಲೆ ನಿಮ್ಮ ಅಳಿಯನಿಗೆ. ಮನೆಯಲ್ಲಿ ಥರ್ಮಾಮೀಟರ್ ಒಂದೇ ಆರೋಗ್ಯವಾಗಿತ್ತು. ರಜೆಯೂ ಮುಗಿಯಿತು. ಪ್ರಕಾಶನದವರು ಕರಡು ತಿದ್ದುವ ಕೆಲಸವನ್ನು ಮನೆಗೇ ಕಳಿಸುತ್ತಿದ್ದಾರೆ. ಏಳನೇ ತರಗತಿಯ ವಿಜ್ಞಾನದ ಪಾಠಪುಸ್ತಕ. ನಿನ್ನೆ "ಹೃದಯಕ್ಕೆ ನಾಲ್ಕು ಕೋಣೆಗಳಿವೆ" ಎಂಬ ಸಾಲಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಿದ್ದೆ. ಕೆನ್ನೆಯ ಮೇಲೆ ಒಂದೆರಡು ಕೋಣೆ ಅಚ್ಚಾಗಿತ್ತು.

ನಿಮ್ಮ ದಾರಿಯನ್ನು ನಕ್ಷೆಯ ಮೇಲಿಟ್ಟು ನೋಡಿದೆ. ಮಾಮ, ಏನಿದು? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗಿದೆ. ಓಡಿಸುವವರು ನೀವು, ನಿಮ್ಮ ಕಡೆ ಅಂದರೆ ಸ್ಟೀರಿಂಗಿನ ಕಡೆ. ಎಣ್ಣೆ ಟ್ಯಾಂಕುಗಳ ಹತ್ತಿರ ನಿಮ್ಮ ಕಡೆ ತಿರುಗಿದರೆ ನೇರ ಕಡಲಿಗೇ ಹೋಗುತ್ತೇವೆ. ಹೊರಡುವ ಮೊದಲೇ ಪ್ರಯಾಣ ಮುಗಿಯಿತು! ಅಣೆಕಟ್ಟಿನ ಹತ್ತಿರ, ಮರೆಯಬೇಡ ಅಂತ ಎರಡು ಸಲ ಹೇಳಿದ ತಿರುವಿನಲ್ಲಿ, ನೀರಿನೊಳಗೇ ಇಳಿಯುತ್ತೇವೆ. ಒಂದಲ್ಲ, ಎರಡಲ್ಲ, ಬರೆದ ಪ್ರತಿಯೊಂದು ತಿರುವೂ ತಿರುಗುಮುರುಗು.

ಕೆಂಪು ಪೆನ್ಸಿಲಿನಲ್ಲಿ ಎಲ್ಲವನ್ನೂ ತಿದ್ದಿ ಇದರೊಂದಿಗೆ ಕಳಿಸಿದ್ದೇನೆ. ಬೇಸರ ಮಾಡಿಕೊಳ್ಳಬೇಡಿ, ತಪ್ಪು ಹುಡುಕಿ ಹುಡುಕಿಯೇ ನನ್ನ ಹೊಟ್ಟೆಪಾಡು. ಆದರೆ ಇಡೀ ಊರಿಗೆ ದಾರಿ ಕಲಿಸಿದವರು ನಿಮ್ಮ ಕಡೆ ಯಾವುದು ಅಂತ ಮರೆತರೆ ನಾನು ಏನೆಂದುಕೊಳ್ಳಲಿ? ವಯಸ್ಸಾಯಿತು ಮಾಮ ನಿಮಗೆ. ನನಗೂ ಆಗಿದೆ, ಆರು ತಿಂಗಳಲ್ಲಿ ಅರವತ್ತು.

ಈ ವರ್ಷ ಬೇಡ. ಮುಂದಿನ ವರ್ಷ ನೋಡೋಣ. ಗುಂಡ ಅಷ್ಟು ಹೊತ್ತಿಗೆ ಹಾಲು ಬಿಟ್ಟಿರುತ್ತಾನೆ, ನಾನು ಮನುಷ್ಯಳಾಗಿರುತ್ತೇನೆ.

ಮನೆ ಕಾರಿನ ವಿಷಯ ಕೇಳಿದ್ದಿರಿ. ಬ್ಯಾಟರಿ ಇಳಿದಿದೆ. ಹಾಗಾಗಿ ಓಡಿಸುತ್ತಿಲ್ಲ.

ಕೆಂಪು ಪೆನ್ಸಿಲ್ ಹಿಡಿದ ಕೈಯಿಂದಲೇ,
ಕ್ಲಚ್ಚಮ್ಮ


ಏಪ್ರಿಲ್ ೨೬

ಕ್ಲಚ್ಚಮ್ಮ,

ತಿದ್ದಿದ್ದು ನೋಡಿದೆ. ಅಕ್ಷರ ಚೆನ್ನಾಗಿದೆ.

ಉಳಿದರ್ಧ ದಾರಿ ಇದರ ಜೊತೆ ಇದೆ. ಇದನ್ನೂ ಮೊದಲಿನ ಹಾಗೇ ಬರೆದಿದ್ದೇನೆ. ಎರಡು ಸಲ ನೋಡಿದ್ದೇನೆ. ನನಗೆ ತಪ್ಪು ಕಾಣಲಿಲ್ಲ.

ಬ್ಯಾಟರಿ ಇಳಿದಿದೆ ಅಂದೆ. ಕಾರಿನದ್ದಾದರೆ ಒಂದು ಮಧ್ಯಾಹ್ನದ ಕೆಲಸ. ಬೇರೆ ಯಾರದ್ದಾದರೂ ಆದರೆ ಬರೆ.

ಮಿಡತೆಯನ್ನು ನೋಡಲು ಒಬ್ಬರು ಬಂದಿದ್ದರು. ಸುತ್ತ ಮೂರು ಸಲ ಬಂದು, ಬಾನೆಟ್ ತಟ್ಟಿ, "ಇದನ್ನ ನೀವೇ ಓಡಿಸಲ್ವಾ?" ಅಂತ ಕೇಳಿದರು. ಬರೋ ವಾರ ಮತ್ತೆ ಬರ್ತಾರಂತೆ. ಮುಂದಿನ ವರ್ಷ ಅಂತ ನೀನು ಬರೆದಿದ್ದೀಯಲ್ಲ, ನನಗೆ ಮುಂದಿನ ವರ್ಷದ ಭರವಸೆ ಇಲ್ಲ. ಸುಮ್ಮನೆ ಇಟ್ಟಿಗೆ ಮೇಲೆ ಮತ್ತೆ ಕೂರಿಸೋದಕ್ಕಿಂತ ಓಡಿಸೋರ ಕೈಗೆ ಹೋಗಲಿ.

ಕೂತ ಜಾಗ ಸರಿ ಇದ್ದರೆ ದಾರಿ ಸರಿ ಇರುತ್ತೆ. ಇನ್ನೊಂದು ಸಲ ನೋಡು.

ಮಾಮ


ಮೇ ೪

ಮಾಮ,

ಮಿಡತೆಯನ್ನು ಮಾರಬೇಡಿ. ಮೊದಲು ಇಷ್ಟು ಓದಿ, ಆಮೇಲೆ ಉಳಿದದ್ದು.

ಈ ಬೆಳಿಗ್ಗೆ ಗುಂಡನಿಗೆ ಚುಚ್ಚುಮದ್ದು ಹಾಕಿಸಲು ಹೋಗಿದ್ದೆವು. ನಿಮ್ಮ ಅಳಿಯ ಓಡಿಸುತ್ತಿದ್ದರು, ನಾನು ಪಕ್ಕದಲ್ಲಿ. ಆಸ್ಪತ್ರೆಯ ಮುಂದಿನ ವೃತ್ತದಲ್ಲಿ ಬಸ್ಸೊಂದು ಅಡ್ಡ ನಿಂತಿತ್ತು. "ಆ ಕಡೆ ನೋಡಿ ಹೇಳೇ, ಏನಾದ್ರೂ ಬರ್ತಿದೆಯಾ?" ಅಂದರು. ನಾನು ಕುತ್ತಿಗೆ ಚಾಚಿ, "ನನ್ನ ಕಡೆ ಖಾಲಿ, ಹೋಗಿ" ಅಂದೆ.

ನನ್ನ ಕಡೆ.

ನನ್ನ ಬಾಯಿಂದ ಬಂದ ಮಾತು ನನ್ನದೇ ಕಿವಿಗೆ ಬಿದ್ದಾಗ ಹೊಳೆಯಿತು. ಪಕ್ಕದ ಸೀಟಿನಲ್ಲಿ ಕೂತವರ ಕಡೆ. ಮನೆಗೆ ಬಂದು, ಗುಂಡನನ್ನು ಅವರ ಮಡಿಲಿಗೆ ಹಾಕಿ, ನಕ್ಷೆ ಹಾಸಿ, ನಿಮ್ಮನ್ನು ಪಕ್ಕದ ಸೀಟಿನಲ್ಲಿ ಕೂರಿಸಿ ದಾರಿ ಓದಿದೆ, ತಿದ್ದಿ ತಿದ್ದಿ ಬಾಯಿಪಾಠವಾಗಿದ್ದ ಮೊದಲರ್ಧ, ಆಮೇಲೆ ನೀವು ಕಳಿಸಿದ ಉಳಿದರ್ಧ. ಟ್ಯಾಂಕುಗಳ ಹತ್ತಿರ ನಿಮ್ಮ ಕಡೆ, ರೈಲ್ವೆ ಗೇಟಿನಾಚೆ ನನ್ನ ಕಡೆ. ಎಲ್ಲೂ ಎಡವದೆ, ಎಲ್ಲೂ ನೆನೆಯದೆ ನೇರ ಆ ಕಡಲಿಗೆ ಹೋಗಿ ತಲುಪಿದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತಾರೆ. ಕರಡು ತಿದ್ದುವ ಕೆಲಸಕ್ಕೆ ಸೇರಿದ ದಿನ ನನಗೆ ಕಲಿಸಿದ ಮೊದಲ ಪಾಠವೇ ಅದು. ಒಂದೇ ತಪ್ಪು ಎಲ್ಲ ಪುಟದಲ್ಲೂ ಒಂದೇ ಥರ ಬಂದರೆ ಪೆನ್ಸಿಲ್ ಕೆಳಗಿಡು, ಬರೆದವರು ಏನೋ ಹೇಳುತ್ತಿದ್ದಾರೆ. ನಿದ್ದೆಗೆಟ್ಟ ತಲೆಗೆ ಅದು ಹೊಳೆಯಲಿಲ್ಲ. ವಯಸ್ಸಾಯಿತು ಅಂತ ಬೇರೆ ಬರೆದೆ.

ಮಾಮ, ನಾನು ಓಡಿಸಬೇಕು ಅಂತ ಯಾವಾಗಿಂದ ಅಂದುಕೊಂಡಿರಿ? ಕಿರಿದಾದದ್ದು ಶೆಡ್ಡಿನ ಬಾಗಿಲಲ್ಲ, ಅಲ್ಲವಾ? ನಿಮ್ಮ ಕಣ್ಣಿಗೆ ಏನಾಗಿದೆ?

ನೀವು ಹೇಳುವ ಮುಂಚೆ ನಾನೂ ಹೇಳಿಬಿಡುತ್ತೇನೆ. ಬ್ಯಾಟರಿ ಚೆನ್ನಾಗಿದೆ. ಗುಂಡ ಹುಟ್ಟಿದ ಮೇಲೆ ನಾನು ಸ್ಟೀರಿಂಗ್ ಮುಟ್ಟಿಲ್ಲ. ಒಮ್ಮೆ ಕೀಲಿ ತಿರುಗಿಸಿದೆ. ಗೇಟಿನಾಚೆ ಹೋಗುವ ಪ್ರತಿ ಸ್ಕೂಟರೂ ನನ್ನ ಮಗುವನ್ನು ತಬ್ಬಲಿ ಮಾಡಲೆಂದೇ ಹೊರಟ ಹಾಗೆ ಕಂಡಿತು. ಇಳಿದು ಒಳಗೆ ಬಂದು ಬಟ್ಟೆ ಮಡಚಿದೆ. ಯಾರಿಗೂ ಹೇಳಲಿಲ್ಲ.

ನಿಮ್ಮ ಹಾಳೆಯನ್ನು ವಾಪಸು ಕಳಿಸಿ. ತಿದ್ದಿದ್ದು ತಪ್ಪಾದರೆ ನಾವು ಅಳಿಸುವುದಿಲ್ಲ, ಮೂಲ ಪದದ ಅಡಿಯಲ್ಲಿ ಸಾಲಾಗಿ ಚುಕ್ಕಿ ಇಡುತ್ತೇವೆ. ಇದ್ದಂತೆಯೇ ಇರಲಿ ಅಂತ ಅರ್ಥ. ನಿಮ್ಮ ಒಂದೊಂದು ಕಡೆಗೂ ಚುಕ್ಕಿ ಇಡಬೇಕು.

ಉತ್ತರಕ್ಕೆ ಕಣ್ಣಲ್ಲಿ ಕಣ್ಣಿಟ್ಟು,
ಕ್ಲಚ್ಚಮ್ಮ


ಜೂನ್ ೨

ಕ್ಲಚ್ಚಮ್ಮ,

ಪತ್ರಿಕೆಯನ್ನು ಕೊಳವೆಯ ಹಾಗೆ ಸುತ್ತಿ ಕಣ್ಣಿಗೆ ಹಿಡಿದು ನೋಡು. ಎದುರಿಗಿರುವುದು ಚೆನ್ನಾಗಿ ಕಾಣುತ್ತೆ. ನಿನ್ನ ಪತ್ರ ಕನ್ನಡಕವಿಲ್ಲದೆ ಓದಿದೆ. ಆದರೆ ನನ್ನ ಕಡೆಯೂ ಇಲ್ಲ, ನಿನ್ನ ಕಡೆಯೂ ಇಲ್ಲ. ನೇರ ಮಾತ್ರ. ನೋವಿಲ್ಲ, ಗೀವಿಲ್ಲ. ಕಳ್ಳನ ಹಾಗೆ ಅಂಚಿನಿಂದ ಒಂದೊಂದೇ ಎತ್ತಿಕೊಂಡು ಹೋಗಿದೆ.

ಹೋದ ಡಿಸೆಂಬರಿನಲ್ಲಿ ದೀಪಾಲಂಕಾರದ ಅಂಗಡಿ ಮುಂದೆ ಒಂದು ಸೈಕಲ್ ಆಕಾಶದಿಂದ ಉದುರಿದ ಹಾಗೆ ನನ್ನ ಕಾರಿನ ಮುಂದೆ ಬಂತು. ಯಾರಿಗೂ ಏನೂ ಆಗಲಿಲ್ಲ. ಸೈಕಲಿನವನು "ಕಣ್ಣು ಕಾಣಲ್ವಾ?" ಅಂತ ಬೈದ. ಬೈದದ್ದು ನಿಜ ಇರಬಹುದು ಅಂತ ಡಾಕ್ಟರಮ್ಮನ ಹತ್ತಿರ ಹೋದೆ. "ಹೋದದ್ದು ಬರಲ್ಲ. ಇರೋದನ್ನ ಹನಿ ಹಾಕ್ಕೊಂಡು ಕಾಪಾಡ್ಕೊಳ್ಳಿ" ಅಂದಳು. ಎಷ್ಟು ಕಾಲ ಅಂದರೆ, "ಯಾರು ಹೇಳ್ತಾರೆ?" ಅಂದಳು. ಅವತ್ತೇ ಕೀಲಿ ಮೊಳೆಗೆ ನೇತು ಹಾಕಿದೆ. ಮಿಡತೆ ಹಾಡಿದ್ದು ಅದಾಗಿ ಹದಿನೈದು ದಿನಕ್ಕೆ. ತಮಾಷೆ ನೋಡು.

ಕನಿಕರ ಪಡಬೇಡ. ನೀನೇ ಓಡಿಸು ಅಂತ ನೇರವಾಗಿ ಕೇಳಿದ್ದರೆ ಕನಿಕರಕ್ಕೆ ಒಪ್ಪುತ್ತಿದ್ದೆ ನೀನು. ಅದಕ್ಕೇ ದಾರಿ ಮಾತ್ರ ಬರೆದೆ. ಕಡೆ ನೋಡಿ ನೀನೇ ತಿಳಿದುಕೊಂಡರೆ ಸರಿ, ಇಲ್ಲದಿದ್ದರೆ ಕಾರು ಮಾರಿದರಾಯಿತು ಅಂತ.

ಈಗ ಇನ್ನೊಂದು ವಿಷಯ. ನಮ್ಮ ಸ್ಕೂಲಿನ ಕಾರಿನಲ್ಲಿ ನನ್ನ ಕಡೆಯೂ ಒಂದು ಬ್ರೇಕ್ ಇತ್ತು. ನೀನು ಕಲಿಯುವಾಗ ಎಷ್ಟೋ ಸಲ ನೀನು ನಿಲ್ಲಿಸಿದೆ ಅಂದುಕೊಂಡಿದ್ದು ನಾನು ನಿಲ್ಲಿಸಿದ್ದು. ಮಿಡತೆಯಲ್ಲಿ ಅದಿಲ್ಲ. ಅದನ್ನ ಯೋಚಿಸಿ ನನಗೂ ಎರಡು ದಿನ ನಿದ್ದೆ ಬರಲಿಲ್ಲ. ಈಗ ನಿನ್ನ ಕಷ್ಟ ಸ್ವಲ್ಪ ಗೊತ್ತಾಗ್ತಿದೆ.

ಕೊನೆಗೆ ಸ್ಕೂಲಿನ ಹಳೇ ಕಾರಿನಿಂದ ಆ ಪೆಡಲ್ ಬಿಚ್ಚಿ ತಂದು ಮಿಡತೆಯಲ್ಲಿ ನನ್ನ ಕಡೆ ನೆಲಕ್ಕೆ ಬೋಲ್ಟ್ ಹಾಕಿಸಿದೆ. ಯಾವುದಕ್ಕೂ ಜೋಡಿಸಿಲ್ಲ. ಸುಮ್ಮನೆ ಕಾಲಿಗೊಂದು ಸಮಾಧಾನ. ಮೆಕ್ಯಾನಿಕ್ಕು ನನ್ನ ಮುಖ ನೋಡಿದ. ನೋಡಿಕೊಳ್ಳಲಿ.

ಕೊಳ್ಳುವವರಿಗೆ ಬರಬೇಡಿ ಅಂದಿದ್ದೇನೆ. ಹಾಳೆ ಕಳಿಸಿದ್ದೇನೆ, ಚುಕ್ಕಿ ಇಡು. ಮೊದಲು ಮನೆ ಗೇಟು ದಾಟು. ಕಡಲು ಆಮೇಲೆ.

ನಿನ್ನ ಪಕ್ಕದ ಸೀಟಿನವನು,
ಮಾಮ


ಜುಲೈ ೨೨

ಮಾಮ,

ಗೇಟು ದಾಟಿದೆ. ಮೊದಲ ದಿನ ಹಾಲಿನಂಗಡಿಯವರೆಗೆ. ಹಿಂದೆ ಬಂದವರೆಲ್ಲ ಹಾರ್ನ್ ಹೊಡೆದರು, ಒಬ್ಬರು ಕೈ ಮುಗಿದು ದಾಟಿಕೊಂಡು ಹೋದರು. ನಿನ್ನೆ ರಿಂಗ್ ರೋಡಿನಲ್ಲಿ ಒಂದು ಸುತ್ತು ಹಾಕಿದೆ. ಅಂಗೈ ಬೆವರಿ ಸ್ಟೀರಿಂಗ್ ಜಾರುತ್ತದೆ, ಅದಕ್ಕೆ ಮೊಣಕಾಲ ಮೇಲೆ ಗುಂಡನ ಬಟ್ಟೆಯೊಂದನ್ನು ಹಾಸಿಕೊಳ್ಳುತ್ತೇನೆ.

ಗುಂಡ ಕ್ಯಾರೆಟ್ ತಿನ್ನುತ್ತಾನೆ. ಅರ್ಧ ತಿನ್ನುತ್ತಾನೆ, ಅರ್ಧ ಗೋಡೆಗೆ ಬಳಿಯುತ್ತಾನೆ. ನಾನಿಲ್ಲದಿದ್ದರೂ ಬಾಟಲಿಯ ಹಾಲು ಕುಡಿಯುತ್ತಾನೆ ಅಂತ ಗೊತ್ತಾಗಿದೆ. ಖುಷಿಪಡಬೇಕಾದ ವಿಷಯ. ನಾನು ಆ ಖಾಲಿ ಬಾಟಲಿಯನ್ನು ಎರಡೆರಡು ಸಲ ತೊಳೆದೆ.

ನಿಮ್ಮ ಅಳಿಯ ಸೆಪ್ಟೆಂಬರಿಗೆ ರಜೆ ಹಾಕಿದ್ದಾರೆ. "ಹೋಗು. ನೀನು ವಾಪಸು ಬರುವಷ್ಟರಲ್ಲಿ ಅವನಿಗೆ ಅಚ್ಚುಕೂಟದ ಕೆಲಸ ಕಲಿಸಿಟ್ಟಿರ್ತೀನಿ" ಅಂದರು. ಅಂದು ಆ ಕಡೆ ತಿರುಗಿ ಮಲಗಿದರು. ಅವರಿಗೂ ಹೆದರಿಕೆ ಇದೆ.

ಚುಕ್ಕಿ ಇಟ್ಟಾಯಿತು.

ಗೇಟಿನಾಚೆಯಿಂದ,
ಕ್ಲಚ್ಚಮ್ಮ


ಸೆಪ್ಟೆಂಬರ್ ೧೪

ರೀ,

ಫೋನ್ ಯಾಕೆ ಮಾಡಲಿಲ್ಲ ಅಂತ ಸಿಟ್ಟಾಗಬೇಡಿ. ಗುಂಡನ ದನಿ ಕೇಳಿದರೆ ಇದ್ದಲ್ಲೇ ಗಾಡಿ ತಿರುಗಿಸಿಬಿಡುತ್ತೇನೆ ಅನ್ನುವ ಭಯ. ಅದಕ್ಕೆ ಕಾಗದ. ಲಾಡ್ಜಿನ ಮೇಜು ಕುಂಟುತ್ತದೆ, ಅಕ್ಷರ ಸೊಟ್ಟಗಿದ್ದರೆ ಅದರ ತಪ್ಪು. ಆ ಕಡೆಯ ಕಡಲು ಇನ್ನೂ ದೂರವಿದೆ. ಬೆನ್ನು ಮುರಿದಿದೆ. ಮಿಡತೆ ನೆಲಕ್ಕೆ ಎಷ್ಟು ಹತ್ತಿರವೆಂದರೆ ದಾರಿಯ ಪ್ರತಿ ಕಲ್ಲೂ ಸೊಂಟಕ್ಕೆ ಬಂದು ಪರಿಚಯ ಹೇಳಿಕೊಳ್ಳುತ್ತದೆ.

ಮೊದಲೆರಡು ದಿನ ಮಾಮ ಆ ಪೆಡಲನ್ನು ಒತ್ತಿಯೇ ಒತ್ತಿದರು. ಲಾರಿ ಕಂಡರೆ ಒತ್ತು, ತಿರುವು ಬಂದರೆ ಒತ್ತು, ಎಮ್ಮೆ ಕಂಡರೆ ಎರಡು ಸಲ ಒತ್ತು. ಅದಕ್ಕೆ ತಂತಿ ಇಲ್ಲ, ಕೊಳವೆ ಇಲ್ಲ, ಏನೂ ಇಲ್ಲ. ಆದರೂ ಅವರು ಒತ್ತಿದಾಗಲೆಲ್ಲ ಕಾರು ನಿಧಾನವಾಗುತ್ತಿತ್ತು. ಎರಡನೇ ದಿನ ಸಂಜೆ ಅವರಿಗೆ ಅನುಮಾನ ಬಂತು. "ನೀನು ನನ್ನ ಕಾಲು ನೋಡಿ ಓಡಿಸ್ತಿದ್ದೀಯೇನೇ?" ಅಂದರು. "ದಾರಿ ನೋಡಿ ಮಾಮ" ಅಂದೆ. "ನೋಡೋದು ಅದೊಂದೇ ತಾನೇ ನಾನು" ಅಂದರು. ಇಬ್ಬರೂ ನಕ್ಕೆವು.

ಪಕ್ಕಗಳನ್ನು ನಾನು ಹೇಳುತ್ತಾ ಹೋಗುತ್ತೇನೆ. ನನ್ನ ಕಡೆ ಸೂರ್ಯಕಾಂತಿ, ಎಲ್ಲ ತಲೆ ಬಗ್ಗಿಸಿವೆ. ನಿಮ್ಮ ಕಡೆ ಇಟ್ಟಿಗೆ ಗೂಡು, ಇಬ್ಬರು ಹೆಂಗಸರು ಊಟಕ್ಕೆ ಕೂತಿದ್ದಾರೆ. ನನ್ನ ಕಡೆ ಗೂಡ್ಸ್ ರೈಲು. ಅವರು ಹೂಂಗುಡುತ್ತಾರೆ. ಕತೆ ಕೇಳುವ ಮಗುವಿನ ಹಾಗೆ, ಸ್ವಲ್ಪ ಹೊತ್ತು ಸುಮ್ಮನಾದರೆ "ಹೂಂ, ಆಮೇಲೆ?" ಅನ್ನುತ್ತಾರೆ. ಅಣೆಕಟ್ಟಿನ ಹತ್ತಿರ ಮಾತ್ರ ನಾನು ಬಾಯಿ ತೆರೆಯುವ ಮುಂಚೆ ಅವರೇ ಎರಡು ಸಲ ಹೇಳಿದರು: ನನ್ನ ಕಡೆ, ನನ್ನ ಕಡೆ.

ಇವತ್ತು ಬೆಟ್ಟದ ದಾರಿ. ಒಂದು ಮಗ್ಗುಲಿಗೆ ಬಂಡೆ, ಇನ್ನೊಂದು ಮಗ್ಗುಲಿಗೆ ಏನೂ ಇಲ್ಲ. ತಿರುವಿನ ಮೇಲೆ ತಿರುವು. ಒಂದು ಕಡೆ ಎದುರಿಂದ ಬಸ್ಸು ಬಂತು, ನಾನು ಅಂಚಿಗೆ ಸರಿದು ನಿಲ್ಲಿಸಿ, ಅದಕ್ಕೆ ದಾರಿ ಬಿಟ್ಟು, ಮತ್ತೆ ಹೊರಟೆ. ಇಷ್ಟಾದರೂ ಪಕ್ಕದಿಂದ ಪೆಡಲ್ ಒತ್ತಿದ ಸದ್ದೇ ಬರಲಿಲ್ಲವಲ್ಲ ಅಂತ ಓರೆಗಣ್ಣಿನಲ್ಲಿ ನೋಡಿದೆ.

ಮಾಮ ನಿದ್ದೆ ಹೋಗಿದ್ದರು. ಬಾಯಿ ಸ್ವಲ್ಪ ತೆರೆದಿತ್ತು. ಕಾಲು ಪೆಡಲಿನಿಂದ ಜಾರಿ ಪಕ್ಕಕ್ಕೆ ಬಿದ್ದಿತ್ತು.

ನಲವತ್ತು ವರ್ಷ ಪಕ್ಕದ ಸೀಟಿನಲ್ಲಿ ಕೂತವರು, ಅಲ್ಲಿ ಒಂದು ದಿನವೂ ಕಣ್ಣು ಮುಚ್ಚಿದವರಲ್ಲ.

ಉಸಿರಾಡುತ್ತಿದ್ದಾರಾ ಅಂತ ಬೆರಳಿಟ್ಟು ನೋಡಬೇಕೆನಿಸಿತು. ಇಡಲಿಲ್ಲ. ಎರಡೂ ಕೈ ಸ್ಟೀರಿಂಗಿನ ಮೇಲಿದ್ದವು. ಬೆಟ್ಟ ಇಳಿದ ಮೇಲೆ ನಾವು ಉಳಿಯಬೇಕೆಂದುಕೊಂಡಿದ್ದ ಲಾಡ್ಜು ಬಂತು, ನಿಲ್ಲಿಸಿದರೆ ಎಚ್ಚರವಾಗುತ್ತದೆ ಅಂತ ಮುಂದಕ್ಕೆ ಹೋದೆ. ಅದರ ಮುಂದಿನದನ್ನೂ ಬಿಟ್ಟೆ. ಸಂಜೆಯ ಬೆಳಕು ಪೂರ್ತಿ ಹೋಗುವ ಹೊತ್ತಿಗೆ ಅವರು ಒಮ್ಮೆ ಅಲುಗಾಡಿದರು. "ಎಲ್ಲಿದ್ದೀವೇ? ಯಾವ ಕಡೆ?" ಅಂದರು.

"ಯಾವ ಕಡೆಯೂ ಇಲ್ಲ ಮಾಮ, ನೇರ" ಅಂದೆ. "ಮಲಗಿ."

ಗುಂಡನ ಅಮ್ಮ